ಮಾವನ ಎರಡನೇ ಸ್ಯಾಂಪಲ್

ನನ್ನ ಸೋದರಮಾವ ದೇವರನ್ನು ನಂಬುತ್ತಾರೆ. ಆದರೆ ಇನ್ನೊಂದು ದೇವಸ್ಥಾನದಲ್ಲೂ ವಿಚಾರಿಸಿದ ಮೇಲೆ! ಕ್ಯಾಲನೂರಿನ ಕಡೆ ಹಾಲಿನ ಡೈರಿಯಲ್ಲಿ ಜೀವಮಾನವೆಲ್ಲ ಕಾರ್ಯದರ್ಶಿಯಾಗಿದ್ದವರು. ಒಂದೇ ಕ್ಯಾನಿನ ಹಾಲಿಗೆ ಎರಡು ಸಲ ಫ್ಯಾಟ್ ನೋಡದಿದ್ದರೆ ಅವರಿಗೆ ತಿಂಡಿ ಸೇರುತ್ತಿರಲಿಲ್ಲ. ಇಂಥವರ ಕೈಗೆ ನಮ್ಮತ್ತೆಯ ಸಕ್ಕರೆ ಕಾಯಿಲೆ ಸಿಕ್ಕರೆ ಏನಾದೀತು, ನೀವೇ ಊಹಿಸಿ!

ಅತ್ತೆ ಇನ್ಸುಲಿನ್ ತೆಗೆದುಕೊಳ್ಳುವವರು. ಹೋದ ವರ್ಷ ಒಂದು ಮಧ್ಯಾಹ್ನ ಮಲಗಿದ್ದಲ್ಲೇ ಸಕ್ಕರೆ ಇಳಿದು, ಎಬ್ಬಿಸಿದರೂ ಏಳಲಿಲ್ಲ. ಆಸ್ಪತ್ರೆಗೆ ಹೊತ್ತೊಯ್ದು ಉಳಿಸಿಕೊಂಡದ್ದಾಯಿತು. ಅಂದಿನಿಂದ ಅತ್ತೆ ಕಣ್ಣು ಮುಚ್ಚಿದರೆ ಸಾಕು, ಮಾವ ಬೆರಳಿಗೆ ಚುಚ್ಚಿ ನೋಡುತ್ತಿದ್ದರು. ಜೀವ ಇದೆಯೆಂದು ಖಾತ್ರಿಯಾಗುತ್ತಿತ್ತು, ನಿದ್ದೆ ಮಾತ್ರ ಸತ್ತುಹೋಗುತ್ತಿತ್ತು! ಕೊನೆಗೆ ಕೋಲಾರದ ಡಾಕ್ಟರು ಅತ್ತೆಯ ತೋಳಿಗೆ ಒಂದು ಸೆನ್ಸರ್ ಬಿಲ್ಲೆ ಅಂಟಿಸಿದರು. ಸಕ್ಕರೆ ಎಷ್ಟಿದೆಯೆಂದು ಫೋನಿನಲ್ಲಿ ತಾನಾಗಿ ಕಾಣುತ್ತದೆ.

ಮಾವ ನಂಬಿದರೇ? ಬಿಲ್ಲೆ ನೂರ ನಲವತ್ತು ಎಂದರೆ ಬೆರಳು ನೂರ ಅರವತ್ತು ಎಂದಿತು. "ಎರಡ್ರಲ್ಲಿ ಒಂದು ಸುಳ್ಳು ಹೇಳ್ತೈತೆ" ಎಂದು ತೀರ್ಪು ಕೊಟ್ಟರು. ತಕ್ಷಣ ಡೈರಿ ನೆನಪಾಯಿತು.

"ಏಯ್, ಎದ್ದು ತೋಟದಲ್ಲಿ ನಾಕು ಸುತ್ತು ಹಾಕೇ. ಕಲಕ್ದೆ ಸ್ಯಾಂಪಲ್ ತೆಗೆಯೋದುಂಟಾ?"

"ನಾನೇನು ಹಾಲಿನ ಕ್ಯಾನಾ?" ಎಂದರು ಅತ್ತೆ. ಆದರೂ ಹಿಪ್ಪುನೇರಳೆ ಸಾಲುಗಳ ನಡುವೆ ನಿದ್ದೆಗಣ್ಣಲ್ಲೇ ತೇಲಿಕೊಂಡು ಸುತ್ತಿ ಬಂದರು. ಈಗ ಎರಡು ಅಂಕಿಗಳ ನಡುವೆ ಇನ್ನಷ್ಟು ದೂರ! ಬಿಲ್ಲೆ ನೋಡುವುದು ರಕ್ತವನ್ನಲ್ಲ, ಚರ್ಮದ ಕೆಳಗಿನ ನೀರನ್ನು. ಉಂಡಾಗ, ಓಡಾಡಿದಾಗ ಅದು ಹತ್ತು ಹದಿನೈದು ನಿಮಿಷ ಹಿಂದೆ ಬೀಳುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. "ನಮ್ಮ ಮಾಲೂರು ಬಸ್ಸಿನ ಥರ ಅನ್ನಿ" ಎಂದರು ಮಾವ.

ನಾನು ಶ್ರೀನಿವಾಸಪುರದಿಂದ ಬಾದಾಮಿ ಮಾವಿನ ಹಣ್ಣು ಒಯ್ದ ದಿನ ಬೆರಳು ಮುನ್ನೂರು ದಾಟಿತು. ಬಿಲ್ಲೆ ನೂರ ಇಪ್ಪತ್ತರಲ್ಲೇ ಹಾಯಾಗಿ ಕೂತಿತ್ತು.

"ಕದ್ದು ತಿಂದ್ಯಾ?"

"ನಿಮ್ಮಾಣೆ ಇಲ್ಲ ರೀ. ಹೆಚ್ಚಿ ಕೊಟ್ಟೋಳು ನಾನು, ತಿಂದೋರು ನೀವು!"

ಬೆರಳಿಗೆ ಅಂಟಿದ್ದ ಹಣ್ಣಿನ ರಸ ತೊಳೆದು ಮತ್ತೆ ಚುಚ್ಚಿದರೆ ನೂರ ಇಪ್ಪತ್ತೈದು. ಬಿಲ್ಲೆ ಗೆದ್ದಿತ್ತು. ಅವಮಾನ ಮರೆಯಲು ಮಾವ ಇನ್ನೊಂದು ಹಣ್ಣು ತಿಂದರು.

ಆಮೇಲೊಂದು ಮಧ್ಯಾಹ್ನ ಫೋನು ಕಿರುಚಿತು: ಐವತ್ತೆಂಟು! ಸಕ್ಕರೆ ನೀರು ಹಿಡಿದು ಮಾವ ಓಡಿದರು, ಗಾಬರಿಯಲ್ಲಿ ಅರ್ಧ ಲೋಟ ಅತ್ತೆಯ ಮುಖಕ್ಕೆ ಸುರಿದರು. ಬೆರಳು ನೋಡಿದರೆ ನೂರ ಹತ್ತು. ಅತ್ತೆ ಬಿಲ್ಲೆಯಿದ್ದ ತೋಳಿನ ಮೇಲೇ ಮಲಗಿದ್ದರು. ಹಾಗೆ ಅದುಮಿದರೆ ಅಂಕಿ ಸುಮ್ಮಸುಮ್ಮನೆ ಇಳಿಯುತ್ತದಂತೆ.

"ಕನಸಲ್ಲಿ ನಮ್ಮಮ್ಮ ಒಬ್ಬಟ್ಟು ತಟ್ತಾ ಇದ್ಲು. ಬಾಯಿಗಿಡೋ ಹೊತ್ಗೆ ನೀವು ಬಂದ್ರಿ!" ಎಂದು ಅತ್ತೆ ಮೂರು ದಿನ ಮಾತು ಬಿಟ್ಟರು.

ಮೊನ್ನೆ ಊಟವಾದ ಮೇಲೆ ನಾನೂ ಅಲ್ಲೇ ಚಾಪೆಯ ಮೇಲೆ ಉರುಳಿದ್ದೆ. ಮಂಪರಿನಲ್ಲಿ ಕಣ್ಣು ಬಿಟ್ಟರೆ, ಅತ್ತೆ ನಿದ್ದೆಯಲ್ಲಿ ಬಿಲ್ಲೆಯ ಕಡೆಗೇ ಮಗ್ಗುಲಾಗುತ್ತಿದ್ದಾರೆ, ತುಟಿಯಲ್ಲಿ ನಗು. ಪಕ್ಕದಲ್ಲಿ ಮಾವ. ಫೋನಿನಲ್ಲಿ ನೂರ ಹದಿನೈದು.

"ಚುಚ್ಚಲ್ವಾ ಮಾವ?"

"ಶ್! ಏನೋ ಕನಸು ಕಾಣ್ತವ್ಳೆ ಕಣ್ಲಾ. ಕಾಣ್ಲಿ."

ಹಾಗೆಂದು ತಮ್ಮ ಅಂಗೈಯನ್ನು ಅತ್ತೆಯ ತೋಳಿನಡಿ ಮೆಲ್ಲನೆ ತೂರಿಸಿ, ಬಿಲ್ಲೆ ಅದುಮದಂತೆ ಎತ್ತಿ ಹಿಡಿದರು. ಹೆಂಡತಿಯನ್ನು ನಿಶ್ಚಿಂತೆಯಿಂದ ಮಲಗಲು ಬಿಡಬಹುದೇ ಎಂದು ತಿಳಿಯಲೆಂದೇ ಅಲ್ಲವೇ ಈ ಮನುಷ್ಯ ಇಷ್ಟು ದಿನ ಒದ್ದಾಡಿದ್ದು?

ಅತ್ತೆ ಎದ್ದಾಗ ಕಾಫಿಯ ಹೊತ್ತು. ಮಾವನ ಕೈ ಪೂರ್ತಿ ಜೋಮು ಹಿಡಿದಿತ್ತು. ಅವತ್ತಿನ ಕಾಫಿಯನ್ನು ಅತ್ತೆಯೇ ಅವರ ಬಾಯಿಗೆ ಹಿಡಿದು ಕುಡಿಸಿದರು.