ಕೆಸರುಗದ್ದೆಯ ಡ್ರೈವರ್‌ನನ್ನು ಉಳಿಸಿಕೊಂಡದ್ದು

ನಮ್ಮ ಎಮ್ಮಿಗನೂರಿನಲ್ಲಿ ಕಾಲುವೆಗೆ ನೀರು ಬಿಟ್ಟರೆ ಸಾಕು, ನನ್ನ ಮರ್ಯಾದೆ ಹೋಗುವ ಪ್ರಸಂಗಗಳು ತಾವಾಗಿಯೇ ಶುರುವಾಗುತ್ತವೆ. ಕೆಸರುಗದ್ದೆಯನ್ನು ಕಣ್ಣಳತೆಯಲ್ಲೇ ತಟ್ಟೆಯಂತೆ ಮಟ್ಟ ಮಾಡಬಲ್ಲ ಟ್ರ್ಯಾಕ್ಟರ್ ಡ್ರೈವರ್ ನನಗಿರುವುದು ಒಬ್ಬನೇ. ಅವನ ಮೇಲೆ ಸಂಡೂರಿನ ಗಣಿಯವರ ಕಣ್ಣು, ಫ್ಯಾಕ್ಟರಿಯವರ ಕಣ್ಣು. ಅವನು ಹೋದರೆ ಬೆಳೆದು ನಿಂತ ಭತ್ತದ ಸಸಿಗೆ ಗದ್ದೆಯೇ ಇಲ್ಲ. ಈ ಸಲ ಅವನನ್ನು ಉಳಿಸಿಕೊಳ್ಳಲು ನಾನು ಪಟ್ಟ ಪಾಡು ಇದು. ಎಲ್ಲ ನಿಜ, ಅಲ್ಲಲ್ಲಿ ಒಂದಿಷ್ಟು ಒಗ್ಗರಣೆ ಹಾಕಿದ್ದೇನೆ, ಅಷ್ಟೆ.

ಕೊರಳಿಗೆ ಕಾರ್ಡು

ಫ್ಯಾಕ್ಟರಿಗೆ ಹೋಗುವವರು ಕೊರಳಲ್ಲಿ ಕಾರ್ಡು ತೂಗಿಬಿಟ್ಟುಕೊಂಡು ಓಡಾಡುವುದನ್ನು ನಮ್ಮ ಡ್ರೈವರ್ ಆಸೆಯಿಂದ ನೋಡುತ್ತಿದ್ದ. ಕಂಪ್ಲಿಯಲ್ಲಿ ಅವನ ಫೋಟೊ ಹಾಕಿಸಿ, ‘ಕೆಸರು ವಿಭಾಗದ ಮುಖ್ಯಸ್ಥ’ ಎಂದು ಅಚ್ಚು ಮಾಡಿಸಿ, ನಾನೇ ಒಂದು ಕಾರ್ಡು ಕೊರಳಿಗೆ ಹಾಕಿದೆ. ನಗುತ್ತಾನೆ ಅಂದುಕೊಂಡರೆ ಗಂಭೀರವಾಗಿ ಓದಿಕೊಂಡ.

“ಅಲ್ಲಿ ಗೇಟಿನ್ಯಾಗ ತೋರಿಸಿ ಒಳಗ ಹೋಗ್ತಾರ. ಇಲ್ಲಿ ಯಾರಿಗೆ ತೋರಸ್ಲಿ ಸಾವ್ಕಾರ್ರ?”

“ನನಗ ತೋರ್ಸಪ್ಪ,” ಅಂದುಬಿಟ್ಟೆ.

ಮೂರನೇ ದಿನ ಎಂಟು ಗಂಟೆಗೆ ಹೋದರೆ ಟ್ರ್ಯಾಕ್ಟರ್ ತಣ್ಣಗಿದೆ, ಇವನು ಬದುವಿನ ಮೇಲೆ ಕೂತಿದ್ದಾನೆ.

“ಕಾರ್ಡ್ ನೋಡೋರು ಬಂದಿದ್ದಿಲ್ಲ. ಹಂಗ ಒಳಗ ಹೋದ್ರ ತಪ್ಪಾಗ್ತೈತ್ರಿ.”

ಅಂದಿನಿಂದ ದಿನಾ ಬೆಳಿಗ್ಗೆ ಆರಕ್ಕೆ ಡ್ಯೂಟಿಗೆ ಹಾಜರಾಗುವವನು ನಾನು.

ಕಡ್ಡಿರಾಂಪುರದ ಪೈಪೋಟಿ

ಮಟ್ಟವಾದ ಗದ್ದೆಗೆ ನಾಟಿ ಮಾಡುವ ಹೆಣ್ಣುಮಕ್ಕಳು ಬೇಕಲ್ಲ. ಗುಂಪಿನ ಹಿರಿಯಕ್ಕನಿಗೆ ಫೋನ್ ಹಚ್ಚಿದೆ.

“ಕಡ್ಡಿರಾಂಪುರದ ಹೋಂಸ್ಟೇದಾಗ ಅದೀವಣ್ಣಾ. ಹಂಪಿ ನೋಡಾಕ ಬಂದೋರಿಗೆ ನಾಟಿ ಕಲಸಾಕತ್ತೀವಿ. ಮಜ್ಜಿಗಿ ಕೊಡ್ತಾರ, ಫೋಟೊ ತಗೀತಾರ.”

“ಫೋಟೊ ನಾನೂ ತಗೀತೀನವ್ವಾ, ಬರ್ರಿ.”

ಬಂದರು. ಬದುವಿನ ಮೇಲೆ ನಿಂತು ಮಾತಿನಂತೆ ಫೋಟೊ ತೆಗೆದೆ. ಅಕ್ಕ ಸೊಂಟ ನೇರ ಮಾಡಿ, “ಅಲ್ಲಿ ಫೋಟೊ ತಗಿಯೋರು ಕೆಸರಿಗೂ ಇಳೀತಾರಣ್ಣಾ,” ಅಂದಳು. ಪಂಚೆ ಎತ್ತಿ ಕಟ್ಟಿ ಇಳಿದೆ. ಒಂದು ಸಾಲು ನೆಟ್ಟು ಹಿಂತಿರುಗಿ ನೋಡಿದರೆ, ಅಕ್ಕ ನಾನು ನೆಟ್ಟದ್ದನ್ನೆಲ್ಲ ಕಿತ್ತು ಮತ್ತೆ ನೆಡುತ್ತಿದ್ದಾಳೆ.

“ಯಾಕವ್ವಾ, ಅವರು ಭಾರೀ ಚಂದ ನಡ್ತಾರೇನು?”

“ಅವರೂ ಹಿಂಗ ಸೊಟ್ಟಗ ನಡ್ತಾರ. ಆದ್ರ ಅವರು ಸಂಜಿಮುಂದ ಊರಿಗೆ ಹೋಗ್ತಾರ, ಹೋದಮ್ಯಾಲೆ ಕೀಳ್ತೀವಿ. ನೀವು ಹೋಗಂಗಿಲ್ಲಲ್ಲಣ್ಣಾ.”

ಗುತ್ತಿಗೆದಾರನ ವಿಚಾರಣೆ

ಇನ್ನೂ ಎರಡು ಗದ್ದೆ ಮಟ್ಟವಾಗಬೇಕಿತ್ತು. ಡ್ರೈವರ್‌ನ ಚಾ ಹಿಡಿದುಕೊಂಡು ಬದುವಿನ ಮೇಲೆ ನಿಂತಿದ್ದೆ. ಫ್ಯಾಕ್ಟರಿಗೆ ಜನ ಕಳಿಸುವ ಗುತ್ತಿಗೆದಾರನೊಬ್ಬ ಜೀಪಿನಿಂದ ಇಳಿದು, ಗದ್ದೆಯ ಆ ತುದಿಯಲ್ಲಿದ್ದ ಡ್ರೈವರ್‌ನನ್ನು ತೋರಿಸಿ, “ಮನುಷ್ಯಾ ಹೆಂಗದಾನ್ರಿ?” ಎಂದು ನನ್ನನ್ನೇ ಕೇಳಬೇಕೆ!

“ಬ್ಯಾಡ್ರಿ ಅವನ ಸುದ್ದಿ,” ಅಂದೆ. “ಮಾಲಕರಿಗೇ ಬೈತಾನ. ಆರಕ್ಕ ಬರಲಿಲ್ಲಂದ್ರ ಕೆಲಸ ನಿಂದರಸ್ತಾನ. ಚಾ ಸೈತ ನಾವ ತಂದುಕೊಡಬೇಕು.”

ಗುತ್ತಿಗೆದಾರನ ಮುಖ ಅರಳಿತು. “ಇಂಥವನ ಹುಡುಕಾಕತ್ತಿದ್ನಿರಿ. ಸೂಪರ್‌ವೈಸರ್ ಮಾಡ್ತೀವಿ.”

ಈ ಸಲ ನಾನು ಹೇಳಿದ್ದು ಅಪ್ಪಟ ನಿಜವಾಗಿತ್ತು. ರೂಢಿಯಿಲ್ಲದ್ದು ಮಾಡಿದರೆ ಹೀಗೇ ಆಗುತ್ತದೆ.

ಅಷ್ಟರಲ್ಲಿ ಡ್ರೈವರ್ ಬಂದ. ಕೆಲಸದ ವಿಷಯ ಕೇಳಿ, ಕಾರ್ಡಿನ ಮೇಲಿನ ಕೆಸರು ಒರೆಸುತ್ತ ಯೋಚಿಸಿದ.

“ಅಲ್ಲಿ ಸೂಪರ್‌ವೈಸರ್ ಮ್ಯಾಲೆ ಯಾರರ ಇರ್ತಾರೇನ್ರಿ?”

“ಮ್ಯಾನೇಜರ್ ಇರ್ತಾರ. ಅವರ ಮ್ಯಾಲೆ ಇನ್ನೊಬ್ರು.”

“ಹಂಗಾದ್ರ ಬ್ಯಾಡ್ರಿ. ಇಲ್ಲಿ ನನ್ನ ಮ್ಯಾಲೆ ಯಾರೂ ಇಲ್ಲ,” ಎಂದವನು ನನ್ನ ಕೈಯಿಂದ ಚಾ ತೆಗೆದುಕೊಂಡು ಒಂದು ಗುಟುಕು ಕುಡಿದು ವಾಪಸ್ ಕೊಟ್ಟ. “ತಣ್ಣಗಾಗೇತಿ ಸಾವ್ಕಾರ್ರ. ಬಿಸಿ ಮಾಡ್ಕೊಂಡು ಜಲ್ದಿ ಬರ್ರಿ.”

ಹೋದೆ. ಇನ್ನೂ ಎರಡು ಗದ್ದೆ ಬಾಕಿ ಇದ್ದವಲ್ಲ.