ಮೂರು ಚಂದ್ರರ ನಾಡಿನ ಕಾರ್ನರ್ ಪ್ಲಾಟು

ಅಂಬಾದಾಸ ಆ ನಕ್ಷೆಯನ್ನು ಸುಮ್ಮನೆ ಮಡಚಿ ಚೀಲಕ್ಕೆ ಹಾಕಿಕೊಂಡಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಮಡಿಕೆ ಬಿದ್ದರೆ ರಾಜಧಾನಿ ಹಾಳಾದೀತು ಎಂದು ಅಪಾರ್ಟ್‌ಮೆಂಟಿನ ಗೇಟಿನ ಬಳಿ, ಸ್ಕೂಟರಿನ ಸೀಟಿನ ಮೇಲೆ ಹಾಸಿ ನಿಧಾನಕ್ಕೆ ಸುತ್ತತೊಡಗಿದ.

ಹೈದರಾಬಾದಿನಲ್ಲಿ ದಿನಕ್ಕೊಂದು ಸಾಫ್ಟ್‌ವೇರ್ ಕಂಪನಿ ಬಾಗಿಲು ತೆರೆಯುತ್ತಿದ್ದ ಕಾಲ. ಅಂಥದೊಂದರಲ್ಲಿ ಬೇರೆಯವರ ಪ್ರೋಗ್ರಾಮಿನ ತಪ್ಪು ಹುಡುಕುವುದು ಅಂಬಾದಾಸನ ಕೆಲಸ. ಮನೆಗೆ ಬಂದಮೇಲೆ ಆರು ವರ್ಷ ಕೂತು ಒಂದು ಮಹಾಕಾದಂಬರಿ ಬರೆದಿದ್ದ. ಮೂರು ಚಂದ್ರರ ನಾಡು, ಒಂಬತ್ತು ರಾಜ್ಯ, ಕುದುರೆಗಳಿಗೂ ವಂಶಾವಳಿ. ನಾಂಪಲ್ಲಿಯ ಪ್ರಕಾಶಕ ವೈಜನಾಥರು ಹಸ್ತಪ್ರತಿ ಓದಿದ್ದರು. ಅಚ್ಚು ಹಾಕುವುದೋ ಬಿಡುವುದೋ ಇವತ್ತು ನಾಲ್ಕಕ್ಕೆ ಹೇಳುತ್ತೇನೆ, ನಕ್ಷೆ ತನ್ನಿ ಎಂದಿದ್ದರು.

“ಯಾವ ಲೇಔಟಿನ ವೆಂಚರ್ ರೀ ಇದು?” ಕೆಳಮನೆಯ ಬಸವರಾಜ ಬಗ್ಗಿ ನೋಡಿದರು.

“ವೆಂಚರ್ ಅಲ್ರಿ. ನನ್ನ ಕಾದಂಬರಿ ನಾಡು.”

“ಹೆಸರು ಛಲೋ ಐತಿ. ಈ ಕೆರಿ ಬಾಜೂಕ ಪೂರ್ವದಿಕ್ಕಿನ ಕಾರ್ನರ್ ಪ್ಲಾಟ್ ಖಾಲಿ ಐತೇನ್ರಿ?”

“ಅದು ಸುಡುಗಾಡ್ರಿ. ಅಲ್ಲಿ ಸತ್ತ ರಾಜರು ಎದ್ದು ಬರ್ತಾರ.”

“ಒಂದು ಶಾಂತಿ ಮಾಡಿಸಿದ್ರ ಆತು ಬಿಡ್ರಿ.”

ಆಗ ಅವರಿದ್ದ ಉಪ್ಪಲ್‌ನಲ್ಲಿ ಯಾರ ಕೈಯಲ್ಲಿ ದೊಡ್ಡ ಕಾಗದ ಕಂಡರೂ ಅದು ಹೊಸ ಲೇಔಟಿನ ನಕ್ಷೆಯೇ. ಹತ್ತು ನಿಮಿಷದಲ್ಲಿ ಸ್ಕೂಟರಿನ ಸುತ್ತ ಎಂಟು ಮಂದಿ. ಒಬ್ಬರಿಗೆ ಕೋಟೆಯ ಒಳಗೇ ಬೇಕಂತೆ. ಇನ್ನೊಬ್ಬರಿಗೆ ರಾಕ್ಷಸರ ಗುಹೆಯಿಂದ ಬಸ್‌ಸ್ಟಾಪ್ ಎಷ್ಟು ದೂರ ಎಂಬ ಚಿಂತೆ. ಏನು ಹೇಳುವುದು ಇಂಥವರಿಗೆ.

“ಕತೀನರ ಕೇಳ್ರಿ ಒಂದೀಟು,” ಅಂಬಾದಾಸ ಕೈಮುಗಿದ. “ಇದರಾಗ ವೀರಕೇತು ಅಂತ ಒಬ್ಬ ಅದಾನ...”

“ಏಜೆಂಟನೇನ್ರಿ?” ಎಂದರು ಬಸವರಾಜ.

ಎಳೆದಾಟದಲ್ಲಿ ಎರಡು ರಾಜ್ಯ ಹರಿದವು. ಉಳಿದ ಏಳನ್ನು ಎದೆಗವಚಿಕೊಂಡು ಅಂಬಾದಾಸ ಆಟೋ ಹತ್ತಿದ. ಅಷ್ಟರಲ್ಲಿ ಮೇಲ್ಮನೆಯ ಕಮಲಾಕ್ಷಿ, “ನಾನೂ ನಾಂಪಲ್ಲಿಗೇ ಹೊಂಟೀನ್ರಿ” ಎನ್ನುತ್ತ ಪಕ್ಕದಲ್ಲಿ ಬಂದು ಕೂತರು. “ನೀವು ಯಾರ ಮನೀಗೆ ಬಂದೀರಿ?” ಎಂದು ಕೇಳಿದ ಅವನಿಗೆ, ಪ್ಲಾಟಿನ ಆಫೀಸು ನೋಡುವ ಹುನ್ನಾರವೇ ಇದು ಎಂದು ಮೈ ಉರಿಯಿತು.

“ನಿಮ್ಮ ಕತಿಯೊಳಗ ರಾಣಿ ಅದಾಳೇನ್ರಿ? ಸಿಟ್ಟು ಬಂದ್ರ ಏನ್ ಮಾಡ್ತಾಳ?” ಕಮಲಾಕ್ಷಿ ದಾರಿಯಲ್ಲಿ ಕೇಳಿದರು.

“ಸಿಟ್ಟಿಗೇಳಾಕ ಅಕಿಗೆ ಪುರುಸೊತ್ತಿಲ್ರಿ. ನಾಕು ಯುದ್ಧ ಅದಾವ.”

“ಪಾಪ. ಊಟಾನರ ಮಾಡ್ತಾಳೋ ಇಲ್ಲೋ?”

ಅಂಬಾದಾಸ, ಬೇಗ ಹೊಡಿ ಎಂದು ಆಟೋದವನಿಗೆ ತೆಲುಗಿನಲ್ಲಿ ಗದರಿದ. ಪ್ರಕಾಶನದ ಬಾಗಿಲಿನವರೆಗೂ ಬಂದ ಕಮಲಾಕ್ಷಿ ಹೊರಗಿನ ಬೆಂಚಿನ ಮೇಲೆ ಕೂತರು. ಅವನು ಒಳಗೆ ನುಗ್ಗಿದ.

ವೈಜನಾಥರು ಕನ್ನಡಕ ತೆಗೆದಿಟ್ಟರು. “ನಾಡು ಭಾಳ ಛಂದ ಕಟ್ಟೀರಿ. ನದಿ, ಕೋಟಿ, ಸುಂಕದ ಚೌಕಿ, ಒಂದೂ ತಪ್ಪಿಲ್ಲ. ಮಂದಿಗೆ ಮಾತ್ರ ಜೀವ ಇಲ್ರಿ. ಅಪ್ಪ ಸತ್ತಾಗೂ ನಿಮ್ಮ ವೀರಕೇತು ಎರಡು ಪುಟ ಭೂಗೋಳ ಹೇಳ್ತಾನ. ಅಚ್ಚಿಗೆ ತಗೊಳ್ಳಾಕ ಆಗಂಗಿಲ್ಲ.”

ಅಂಬಾದಾಸ ಹರಿದ ನಕ್ಷೆಯನ್ನು ಮತ್ತೆ ಸುತ್ತತೊಡಗಿದ. ಅಳು ಬಂದೇಬಿಡುವುದೇನೋ ಅನ್ನಿಸಿತು.

“ಪಾತ್ರ ಅಂದ್ರ ಹೆಂಗಿರಬೇಕು, ಕೇಳ್ರಿಲ್ಲಿ. ಈ ಕಾದಂಬರಿ ತಗೊಂಡೀವಿ,” ಎಂದು ವೈಜನಾಥರು ಬೇರೊಂದು ಹಸ್ತಪ್ರತಿ ಬಿಡಿಸಿ ಓದಿದರು: “ನಾಲ್ಕು ವರ್ಷದಿಂದ ದಿನವೂ ಲಿಫ್ಟಿನಲ್ಲಿ ಸಿಗುವ ನನ್ನನ್ನು ಆತ ಇವತ್ತೂ ‘ಯಾರ ಮನೀಗೆ ಬಂದೀರಿ?’ ಎಂದು ಕೇಳಿದ. ಎಡಗಾಲಿಗೆ ಬೂಟು, ಬಲಗಾಲಿಗೆ ಹೆಂಡತಿಯ ಚಪ್ಪಲಿ. ಕೈಯಲ್ಲಿದ್ದ ಕಸದ ಚೀಲವನ್ನು ಆಫೀಸಿಗೆ ಒಯ್ದು, ಬುತ್ತಿಯನ್ನು ಕಸದ ಡಬ್ಬಿಗೆ ಹಾಕಿದ.”

ದುಃಖದಲ್ಲೂ ಅಂಬಾದಾಸನಿಗೆ ನಗು ತಡೆಯಲಾಗಲಿಲ್ಲ. ಮೇಜು ಬಡಿದು ನಕ್ಕ. “ಎಂಥಾ ದಡ್ಡನ್ರೀ ಇವ. ಕಣ್ಣಮುಂದ ನಿಂತಂಗ ಆಗತೈತಿ. ಒಪ್ಪಿದೆ, ಪಾತ್ರ ಅಂದ್ರ ಇದು. ಯಾರು ಬರದಾರ್ರಿ?”

“ಹೊರಗ ಕುಂತಾರಲ್ಲ,” ಎಂದು ವೈಜನಾಥರು ಬಾಗಿಲ ಕಡೆ ತಿರುಗಿದರು. “ಒಳಗ ಬರ್ರಿ ಕಮಲಾಕ್ಷಿಯವರ. ಕಡೀ ಅಧ್ಯಾಯ ತಂದೀರೇನು?”

ಕಮಲಾಕ್ಷಿ ಸೆರಗು ಸರಿಮಾಡಿಕೊಳ್ಳುತ್ತ ಒಳಬಂದರು.

“ಇಲ್ರಿ. ಅದು ಇನ್ನಾ ನಡದೈತಿ,” ಎಂದು ಅಂಬಾದಾಸನ ಕಡೆ ನೋಡಿದರು. “ಅಣ್ಣಾರ, ಪೆನ್ ಐತೇನ್ರಿ?”

ಅಂಬಾದಾಸ ಕಿಸೆಯಿಂದ ಪೆನ್ನು ತೆಗೆದು ಕೊಟ್ಟ.