ಇಪ್ಪತ್ತಮೂರು ಓಮಿನ ಹೀಟರ್ ಸಾಹೇಬರಿಗೆ

ನಮ್ಮ ಬಚ್ಚಲುಮನೆಯ ಗೋಡೆಯನ್ನೇರಿ ಕುಳಿತಿರುವ ಮಾನ್ಯ ಹೀಟರ್ ಸಾಹೇಬರೇ,

ತಮ್ಮ ಪಾದಕ್ಕೆ ಬೀಳೋಣವೆಂದರೆ ತಮಗೆ ಪಾದಗಳಿಲ್ಲ, ಇರುವ ಕೊಳವೆಯನ್ನು ಮುಟ್ಟಿದರೆ ಕೈ ಸುಡುತ್ತದೆ; ಆದ್ದರಿಂದ ಮೂರನೆಯ ತರಗತಿಗೇ ಶಾಲೆ ಬಿಟ್ಟ ಈ ಮುದುಕಿ ಒಂದು ಮಾರು ದೂರದಿಂದಲೇ ಕೈಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ನನ್ನ ಮಾನ ಕಳೆದಿರಿ.

ಚಳಿಗೆ ತುಕ್ಕು ಹಿಡಿಯುವ ನನ್ನ ಮಂಡಿಗಳಿಗೆ ಬೆಳಿಗ್ಗೆ ತಮ್ಮ ಬಿಸಿನೀರೇ ಗತಿ. ಆದರೆ ಅದೇ ಹೊತ್ತಿಗೆ ಮುಂದಿನ ಕೋಣೆಯಲ್ಲಿ, ಹೊಲಿಗೆ ಕೆಲಸದ ನನ್ನ ಸೊಸೆ ಗಿರಾಕಿಗಳ ಕೋಟುಗಳಿಗೆ ಇಸ್ತ್ರಿ ಹಾಕುತ್ತಾಳೆ. ಸ್ವಲ್ಪ ಹೊತ್ತಿಗೆ ಮೀಟರಿನ ಪಕ್ಕದ ಸ್ವಿಚ್ಚು ಟಪ್ಪೆಂದು ಬಿದ್ದು ಮನೆಯ ಕರೆಂಟೇ ಹೋಗುತ್ತದೆ. "ಅತ್ತೇ, ಹೀಟರ್ ಆರಿಸೀ!" ಎಂದು ಅವಳು, "ನಿನ್ನ ಪೆಟ್ಟಿಗೆ ಆರಿಸೇ!" ಎಂದು ತಲೆಗೆ ಸೋಪು ಹಚ್ಚಿಕೊಂಡ ನಾನು.

ಹೊಟ್ಟೆಬಾಕ ಯಾರೆಂದು ತೀರ್ಮಾನಿಸಲು, ವಿದ್ಯುತ್ ಕೆಲಸ ಮಾಡುವ ಮೊಮ್ಮಗಳು ತಂತಿಗೆ ಮೀಟರ್ ಕಚ್ಚಿಸಿ ನೋಡಿದಳು. ಮನೆಗೆ ಬರುವುದು ಇನ್ನೂರ ಮೂವತ್ತು ವೋಲ್ಟ್. ತಾವು ಎಳೆಯುವುದು ಹತ್ತು ಆಂಪಿಯರ್, ಇಸ್ತ್ರಿ ಪೆಟ್ಟಿಗೆ ಐದು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಸಿಗುವುದು ತಡೆ, ಅದನ್ನು ಅಳೆಯುವುದು ಓಮಿನಲ್ಲಿ: ತಮ್ಮದು ಇಪ್ಪತ್ತಮೂರು, ಪೆಟ್ಟಿಗೆಯದು ನಲವತ್ತಾರು. ಅಷ್ಟು ಕೇಳಿದ್ದೇ ತಡ, ಚಿಕ್ಕ ಅಂಕಿ ಇದ್ದವರದ್ದು ಚಿಕ್ಕ ಹೊಟ್ಟೆಯೆಂದು ತೀರ್ಪು ಕೊಟ್ಟು, ಪೆಟ್ಟಿಗೆಯನ್ನು ನನ್ನ ಮಂಚದ ಕೆಳಗೆ ಸೆರೆಯಲ್ಲಿಟ್ಟು, ಬೀದಿಗೆಲ್ಲ ಡಂಗುರ ಸಾರಿ ಬಂದೆ. ಸೊಸೆ ಕೋಟುಗಳನ್ನು ತೋಳಿಗೇರಿಸಿಕೊಂಡು ಎದುರುಮನೆಗೆ ಹೋಗಿ ಇಸ್ತ್ರಿ ಹಾಕಿಕೊಂಡು ಬಂದಳು.

ಸಂಜೆ ಕೆಲಸ ಮುಗಿಸಿ ಬಂದ ಮೊಮ್ಮಗಳು ಹಣೆ ಚಚ್ಚಿಕೊಂಡಳು. "ಪೂರ್ತಿ ಕೇಳ್ಬಾರ್ದಾ ಅಜ್ಜಿ? ಬಾಗಿಲಲ್ಲಿ ತಡೆಯೋರು ಕಮ್ಮಿ ಇದ್ರೆ ತಾನೇ ನೆಂಟರು ಜಾಸ್ತಿ ನುಗ್ಗೋದು? ಯಾರೆಷ್ಟು ತಿಂತಾರೆ ಅಂತ ತಿಳೀಬೇಕಾದ್ರೆ ವೋಲ್ಟನ್ನ ಆಂಪಿಯರ್ ಜೊತೆ ಗುಣಿಸಬೇಕು." ಗುಣಿಸಿದಳು. ಪೆಟ್ಟಿಗೆ ಸಾವಿರದ ನೂರೈವತ್ತು ವ್ಯಾಟ್, ತಾವು ಎರಡು ಸಾವಿರದ ಮುನ್ನೂರು! ಕಣ್ಣುಮುಚ್ಚಿ ಹಾಲು ಕುಡಿಯುವ ಬೆಕ್ಕು ಕೂಡ ಮೀಸೆಯನ್ನಾದರೂ ಒರೆಸಿಕೊಳ್ಳುತ್ತದೆ. ಎರಡಾಳಿನ ಊಟ ಉಂಡೂ ಉಪವಾಸದವರಂತೆ ಬಿಳುಪಾಗಿ ಹೊಳೆಯುವ ತಮ್ಮ ಸಭ್ಯತೆಗೆ ಭೇಷ್ ಎನ್ನಲೇಬೇಕು.

ಇನ್ನು ನನ್ನ ಬೇಡಿಕೆ ಸಣ್ಣದು: ತಾವು ದಯಮಾಡಿ ತಮ್ಮ ತಡೆಯನ್ನು ನಲವತ್ತಾರಕ್ಕೆ ಏರಿಸಿಕೊಂಡು, ಅರ್ಧ ಕರೆಂಟು ತಿಂದು, ಅಷ್ಟೇ ನೀರನ್ನು ಅಷ್ಟೇ ಬೇಗ ಕಾಯಿಸಿ ಕೊಡಬೇಕು. ಆಗದ ಮಾತೆಂದು ಮೊಮ್ಮಗಳು ನಗುತ್ತಾಳೆ. ಹಾಗಿದ್ದರೆ ನಾಳೆಯಿಂದ ಮೊದಲ ಸರದಿ ಪೆಟ್ಟಿಗೆಯದು. ಕೊನೆಯ ಕೋಟು ಮಡಿಸಿದ ಮೇಲೆಯೇ ತಮ್ಮದು. ಅಲ್ಲಿಯವರೆಗೆ ನನ್ನ ಮಂಡಿಗಳು ಕಿರುಗುಟ್ಟಲಿ, ಅವಕ್ಕೂ ಬೇರೆ ಕೆಲಸವಿಲ್ಲ.

ತಮ್ಮ ವಿಶ್ವಾಸಿ,
ಸೋಪು ಒಣಗಿದ ತಲೆಯ ಅಜ್ಜಿ

ತಾ.ಕ.: ಈ ಪತ್ರವನ್ನು ಬಚ್ಚಲುಮನೆಯ ಬಾಗಿಲಿಗೆ ಅಂಟಿಸಿದ್ದೇನೆ. ತಮಗೆ ಓದು ಬಾರದೆಂದು ಬಲ್ಲೆ. ಓದಬೇಕಾದವಳು ದಿನಾ ಬೆಳಿಗ್ಗೆ ಅಲ್ಲೇ ಮುಖ ತೊಳೆಯುತ್ತಾಳೆ. ಅವಳೆದುರು ನಿಂತು ಹೇಳೋಣವೆಂದರೆ, ತಪ್ಪಾಯಿತೆಂಬ ಈ ಒಂದು ಮಾತಿಗೆ ಮಾತ್ರ ನನ್ನ ನಾಲಗೆಯಲ್ಲಿ ಎಷ್ಟು ಓಮ್ ತಡೆಯಿದೆಯೆಂದು ಯಾವ ಮೀಟರಿಗೂ ಸಿಕ್ಕಿಲ್ಲ.